ಅಣ್ಣನ ಪಾಲಿನ ಸೋಡಾ

ಮನೆಗೆ ಬಂದವರಿಗೆ ಮೊದಲು ನೀರು ಕೊಡಬೇಕು ಎಂಬ ಪದ್ಧತಿಯನ್ನು ಯಾರು ಮಾಡಿದರೋ ಗೊತ್ತಿಲ್ಲ. ಅವರ ಮನೆಯಲ್ಲಿ ಕಿಡ್ನಿ ಕೆಟ್ಟವರು ಯಾರೂ ಇದ್ದಿರಲಿಕ್ಕಿಲ್ಲ. ನಿಟ್ಟುವಳ್ಳಿಯ ನಮ್ಮ ಮನೆಯಲ್ಲಿ ಅಣ್ಣನಿಗೆ ಎರಡೂ ಕೆಟ್ಟಿದ್ದವು. ಡಯಾಲಿಸಿಸ್ ನಡೆದಿತ್ತು. ಇಡೀ ದಿನಕ್ಕೆ ಡಾಕ್ಟರು ಗೊತ್ತು ಮಾಡಿದ್ದು ಸಣ್ಣದೊಂದು ಚೊಂಬು ನೀರು. ಚಹಾ, ಸಾರು, ಮಾತ್ರೆ ನುಂಗುವುದು ಎಲ್ಲ ಅದರಲ್ಲೇ. ಮೀರಿದರೆ ನೀರು ಎದೆಗೇರಿ ಉಸಿರು ಕಟ್ಟುತ್ತಿತ್ತು. ದಾವಣಗೆರೆಯ ಬೇಸಿಗೆಯಲ್ಲಿ ಇದು ಎಂಥ ಶಿಕ್ಷೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ತಣ್ಣನೆಯ ಸೋಡಾ ಒಂದು ಗುಟುಕು ಬಾಯಲ್ಲಿಟ್ಟುಕೊಂಡರೆ ಲೋಟ ನೀರು ಕುಡಿದಷ್ಟು ಸಮಾಧಾನ ಎಂದು ಅವನೇ ಕಂಡುಕೊಂಡ. ಅಂಗಡಿಯ ಸೋಡಾದಲ್ಲಿ ಉಪ್ಪಿನ ಅಂಶ ಇರುತ್ತದೆ, ಬೇಡ ಎಂದರು ಡಾಕ್ಟರು. ಬರೀ ನೀರು, ಬರೀ ಗ್ಯಾಸ್ ಆದರೆ ಅಡ್ಡಿಯಿಲ್ಲ, ಅಳತೆ ಮೀರಬಾರದು ಅಷ್ಟೇ.

ಬಲ್ಬ್ ಬದಲಾಯಿಸಲು ಹೋಗಿ ಇಡೀ ಬೀದಿಯ ಕರೆಂಟ್ ತೆಗೆದ ಖ್ಯಾತಿ ನನ್ನದು. ಅಂಥ ನಾನು ಇಂಟರ್‌ನೆಟ್ ನೋಡಿ ಸ್ಟೀಲಿನ ಕೆಗ್, ರೆಗ್ಯುಲೇಟರ್, ಪೈಪು, ನಲ್ಲಿ ಎಲ್ಲ ತರಿಸಿದೆ. ಕೆಗ್ ಎಂದರೆ ಹಾಲಿನ ಕ್ಯಾನಿಗೆ ಗಾಳಿಯಾಡದ ಮುಚ್ಚಳ ಹಾಕಿದಂತೆ. ಸೋಡಾಕ್ಕೆ ಹಾಕುವ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಸಿಲಿಂಡರನ್ನು ಹರಿಹರದಿಂದ ತರುವಾಗ ಬಸ್ಸಿನ ಕಂಡಕ್ಟರ್ ಹತ್ತಿಸಿಕೊಳ್ಳಲಿಲ್ಲ. ಆಟೋದಲ್ಲಿ ಕೂಸಿನಂತೆ ತಬ್ಬಿಕೊಂಡು ತಂದೆ. ಕೆಗ್‌ಗೆ ತಣ್ಣೀರು ತುಂಬಿ, ಗ್ಯಾಸ್ ಬಿಟ್ಟು, ತೊಡೆಯ ಮೇಲೆ ಹೊರಳಾಡಿಸಬೇಕು. ಆಗ ಗ್ಯಾಸ್ ನೀರಿಗೆ ಇಳಿಯುತ್ತದೆ. ಎಲ್ಲಾದರೂ ಸೋರುತ್ತದೆಯೋ ಎಂದು ಸೋಪಿನ ನೊರೆ ಹಚ್ಚಿ ನೋಡಬೇಕು. ಮೊದಲ ದಿನ ಎಲ್ಲ ಕಡೆಯೂ ಗುಳ್ಳೆ ಎದ್ದವು, ನೀರಿನೊಳಗೊಂದನ್ನು ಬಿಟ್ಟು. "ಹೆಂಗೈತೆ?" ಎಂದು ಕೇಳಿದರೆ ಅಣ್ಣ, "ನಲ್ಲಿ ನೀರು ತಣ್ಣಗೈತೆ ನೋಡು" ಎಂದ.

ನಾಲ್ಕಾರು ಸಲ ಒದ್ದಾಡಿದ ಮೇಲೆ ಹೇಗೋ ಸೋಡಾ ಎನ್ನುವಂಥದ್ದು ಬರತೊಡಗಿತು. ಫ್ರಿಜ್ ಇದ್ದದ್ದು ನಡುಮನೆಯಲ್ಲಿ, ಅಣ್ಣನ ಮಂಚದ ಪಕ್ಕ. ಅದರೊಳಗೆ ಕೆಗ್, ಹೊರಗೆ ಸಿಲಿಂಡರ್. ಅಣ್ಣನನ್ನು ಮಾತಾಡಿಸಲು ಮಾಯಕೊಂಡದಿಂದ ಬಂದ ಸೋದರತ್ತೆ ಬಾಗಿಲಲ್ಲೇ ಸಿಲಿಂಡರ್ ಕಂಡು, "ಅಯ್ಯೋ ಶಿವನೇ, ಆಕ್ಸಿಜನ್ ಹಚ್ಚೋ ಮಟ್ಟಕ್ಕೆ ಬಂತೇನೋ!" ಎಂದು ಗೋಳೋ ಎಂದು ಅತ್ತರು.

"ಅಳಬ್ಯಾಡತ್ತೆ, ಸೋಡಾ ಐತೆ, ಕುಡಿ. ಲೇ ಮಂಜ, ಅತ್ತೆಗೆ ಒಂದ್ ಗ್ಲಾಸ್ ಕೊಡಲೇ" ಎಂದ ಅಣ್ಣ. ಅತ್ತೆ ಕಣ್ಣೊರೆಸಿಕೊಂಡು ಎರಡು ಗ್ಲಾಸ್ ಕುಡಿದು, ಜೋರಾಗಿ ತೇಗಿ, "ಹೊಟ್ಟೆ ಹಗುರಾತು ನೋಡು" ಎಂದರು.

ಸುದ್ದಿ ಕೆ.ಬಿ. ಬಡಾವಣೆಯ ನೆಂಟರವರೆಗೂ ಹೋಯಿತು. ಅಣ್ಣನ ಮೇಲಿನ ಕಾಳಜಿ ಎಲ್ಲರಿಗೂ ಒಮ್ಮೆಗೇ ಹೆಚ್ಚಾಯಿತು. ಮಂಡಕ್ಕಿ ಮಿರ್ಚಿ ತಿಂದು ಹೊಟ್ಟೆ ಭಾರವಾದವರು ಕೂಡ ರೋಗಿಯನ್ನು ನೋಡಿಕೊಂಡು ಹೋಗೋಣವೆಂದು ಬಂದರು. ಬಂದವರಿಗೆ ಗ್ಲಾಸನ್ನು ಅಡುಗೆಮನೆಗೆ ಒಯ್ದು ಅಲ್ಲೇ ಕೊಟ್ಟು ಕಳಿಸಲು ಅತ್ತಿಗೆ ನೋಡಿದರು. ಅಣ್ಣ ರೇಗಿದ. "ಬಂದೋರಿಗೆ ಕದ್ದು ನೀರು ಕೊಡ್ತೀರೇನು? ಇಲ್ಲೇ ಕೊಡ್ರಿ, ನನ್ನೆದುರಿಗೆ." ಅವರು ಕುಡಿಯುವಾಗ ಅವನು ಮುಖ ನೋಡುತ್ತಿರಲಿಲ್ಲ, ಗಂಟಲು ಏರಿಳಿಯುವುದನ್ನೇ ನೋಡುತ್ತಿದ್ದ. ನನಗೆ ಬಂದವರ ಮೇಲೆಲ್ಲ ಕೆಟ್ಟ ಸಿಟ್ಟು ಬರುತ್ತಿತ್ತು. ಆದರೂ ನಗುನಗುತ್ತಾ ನಲ್ಲಿ ತಿರುಗಿಸುತ್ತಿದ್ದೆ.

ಒಂದು ದಿನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನೂ ಅತ್ತಿಗೆಯನ್ನೂ ಹೊರಗೆ ಕರೆದರು. "ಹಾರ್ಟ್ ಇನ್ನು ಡಯಾಲಿಸಿಸ್ ತಡಕೊಳ್ಳಂಗಿಲ್ಲ. ಮನೆಗೆ ಕರಕೊಂಡು ಹೋಗ್ರಿ. ಏನು ಕೇಳ್ತಾರೋ ಕೊಡ್ರಿ. ನೀರಿಗೂ ಅಡ್ಡಿಯಿಲ್ಲ." ಎಷ್ಟೋ ತಿಂಗಳಿಂದ ನಾವು ಕಾಯುತ್ತಿದ್ದ ಅಪ್ಪಣೆ ಅದು. ಅತ್ತಿಗೆ ಗೋಡೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು.

ಮನೆಗೆ ಬಂದು ದೊಡ್ಡ ಗ್ಲಾಸ್ ತುಂಬಿಸಿದೆ. "ಡಾಕ್ಟ್ರು ಎಷ್ಟಾದ್ರೂ ಕುಡೀಬಹುದು ಅಂದಾರೆ" ಎಂದೆ, ಆದಷ್ಟು ಖುಷಿಯ ದನಿಯಲ್ಲಿ.

ಅಣ್ಣ ಗ್ಲಾಸ್ ನೋಡಿದ, ನನ್ನನ್ನು ನೋಡಿದ. "ಬ್ಯಾಡ. ದಿನಾ ಕೊಟ್ಟಷ್ಟೇ ಕೊಡು" ಎಂದ. ಒಂದೇ ಗುಟುಕು ಬಾಯಲ್ಲಿಟ್ಟುಕೊಂಡು ನಿಧಾನ ನುಂಗಿದ. "ಉಳಿದಿದ್ದು ನೀನು ಕುಡಿ."

ಅವನೆದುರಿಗೇ ನಿಂತು ಅಷ್ಟನ್ನೂ ಕುಡಿದೆ.

"ಕಣ್ಣಾಗೆ ನೀರು ಬಂತು ನೋಡು. ಇವತ್ತು ಗ್ಯಾಸ್ ಭೇಷ್ ಬಿದ್ದೈತೆ ಬಿಡು" ಎಂದ.

ಹೂಂ ಎಂದೆ. ಅಣ್ಣ ನನ್ನ ಸೋಡಾವನ್ನು ಹೊಗಳಿದ್ದು ಅದೊಂದೇ ಸಲ. ಆಸ್ಪತ್ರೆಯ ಓಡಾಟದಲ್ಲಿ ಸಿಲಿಂಡರ್ ಖಾಲಿಯಾದದ್ದನ್ನು ನಾನು ನೋಡಿರಲಿಲ್ಲ. ನಾವಿಬ್ಬರೂ ಕುಡಿದದ್ದು ಬರೀ ತಣ್ಣೀರು.