ಅದ್ದುಚ್ಚನ ಗೋಡೆಯ ಡ್ರ್ಯಾಗನ್

ವಿನಯ ಒಳ್ಳೆಯ ಗುಣ ಎಂದು ಎಲ್ಲರೂ ಹೇಳುತ್ತಾರೆ. ನನ್ನಲ್ಲೂ ಅದು ಸ್ವಲ್ಪ ಇದೆ. ಆದರೆ ಡ್ರ್ಯಾಗನ್ ವಿಷಯಕ್ಕೆ ಬಂದಾಗ ಅದನ್ನು ಮನೆಯಲ್ಲೇ ಬಿಟ್ಟು ಬರುತ್ತೇನೆ. ಪುತ್ತೂರು, ಸುಳ್ಯ, ಕಡಬ, ಈ ಮೂರು ತಾಲೂಕುಗಳಲ್ಲಿ ನನ್ನಷ್ಟು ಚೆನ್ನಾಗಿ ಡ್ರ್ಯಾಗನ್ ಬಿಡಿಸುವವರು ಇನ್ನೊಬ್ಬರಿಲ್ಲ. ಬೇರೆ ಯಾರೂ ಬಿಡಿಸುವುದೇ ಇಲ್ಲವಲ್ಲ ಎಂದು ನೀವು ಕೇಳಬಹುದು. ಅದು ನನ್ನ ತಪ್ಪಲ್ಲ. ಸ್ಪರ್ಧೆಗೆ ಬರಬೇಡಿ ಎಂದು ನಾನು ಯಾರನ್ನೂ ತಡೆದಿಲ್ಲ.

ಹೊಟ್ಟೆಪಾಡಿಗೆ ನಾನು ಕಡಬ ಪೇಟೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ಚಿತ್ರಕಲೆಯಲ್ಲಿ ನನಗೆ ಗುರುಗಳಿಲ್ಲ, ಸರ್ಟಿಫಿಕೇಟೂ ಇಲ್ಲ. ಮಗಳ ಪೆನ್ಸಿಲ್ ಡಬ್ಬಿಯ ಮೇಲೆ ಒಂದು ಡ್ರ್ಯಾಗನ್ ಸ್ಟಿಕ್ಕರ್ ಇತ್ತು. ಅದರ ರೆಕ್ಕೆ ನೋಡಿ ನನಗೆ ಸಿಟ್ಟು ಬಂತು. ಅದನ್ನು ಬಿಡಿಸಿದವನು ಜನ್ಮದಲ್ಲಿ ಒಂದು ರವಿಕೆಗೆ ತೋಳು ಕೂರಿಸಿದವನಲ್ಲ. ಕಂಕುಳಲ್ಲಿ ಬಟ್ಟೆ ಬಿಡದೆ ಹೊಲಿದರೆ ಕೈ ಎತ್ತಲು ಆಗುವುದಿಲ್ಲ. ಆ ಪ್ರಾಣಿ ಒಮ್ಮೆ ರೆಕ್ಕೆ ಬಡಿದರೆ ಹೊಲಿಗೆಯೇ ಬಿಟ್ಟುಹೋಗುವಂತಿತ್ತು. ಅಳತೆ ಕತ್ತರಿಸುವ ಕಂದು ಕಾಗದದ ಮೇಲೆ ಅದನ್ನು ಸರಿಮಾಡಿ ಬಿಡಿಸಿದೆ. ಅಲ್ಲಿಂದ ಶುರುವಾದದ್ದು ಇಂದಿಗೂ ನಿಂತಿಲ್ಲ. ಒಮ್ಮೆ ಏನೋ ಯೋಚನೆಯಲ್ಲಿ ಮದುಮಗಳೊಬ್ಬಳ ರವಿಕೆಯ ಲೈನಿಂಗಿನ ಮೇಲೂ ಚಾಕ್‌ಪೀಸಿನಲ್ಲಿ ಒಂದು ಪುಟ್ಟ ಡ್ರ್ಯಾಗನ್ ಎಳೆದು, ಹಾಗೆಯೇ ಹೊಲಿದು ಕೊಟ್ಟುಬಿಟ್ಟಿದ್ದೆ. ಹುಡುಗಿಯ ತಾಯಿ ಜಗಳಕ್ಕೆ ಬರಬಹುದೆಂದು ತಿಂಗಳು ಕಾದೆ. ಬರಲಿಲ್ಲ. ದಂಪತಿ ಚೆನ್ನಾಗಿದ್ದಾರೆ ಎಂದು ಕೇಳಿದ್ದೇನೆ. ಅದರ ಶ್ರೇಯಸ್ಸನ್ನು ನಾನು ಕೇಳಲು ಹೋಗಿಲ್ಲ.

ಮನೆಯಲ್ಲಿ ನನ್ನ ಕಲೆಗೆ ವಿರೋಧ ಇಲ್ಲ, ಜಾಗ ಮಾತ್ರ ಇಲ್ಲ. ಅದಕ್ಕೆ ಕಾರಣ ನನ್ನ ಅತ್ತೆ. ಕೆಟ್ಟುಹೋದ ಚಿತ್ರಗಳನ್ನು ಬಚ್ಚಲ ಒಲೆಗೆ ಹಾಕಲು ಹೊರಟರೆ ಅವರು ಅಡ್ಡ ನಿಲ್ಲುತ್ತಾರೆ. ಇದು ನಾಗ ಅಲ್ಲ ಅತ್ತೆ, ಹೆಡೆಯೇ ಇಲ್ಲ ನೋಡಿ ಎಂದು ನಾನು ಹೇಳಿದರೆ, ಹೆಡೆ ಇಲ್ಲದಿದ್ದರೂ ಮೈಮೇಲೆ ಹುರುಪೆ ಇದೆಯಲ್ಲ, ಸುಟ್ಟು ದೋಷ ಕಟ್ಟಿಕೊಳ್ಳುವುದು ಬೇಡ ಎನ್ನುತ್ತಾರೆ. ಹೀಗಾಗಿ ನನ್ನ ಸೋಲುಗಳೆಲ್ಲ ಅಕ್ಕಿಯ ಗೋಣಿಗಳಲ್ಲಿ ಮಂಚದ ಕೆಳಗೆ ಭದ್ರವಾಗಿವೆ. ದೊಡ್ಡ ದೊಡ್ಡ ಕಲಾವಿದರಿಗೂ ಇಷ್ಟು ಒಳ್ಳೆಯ ಸಂಗ್ರಹಾಲಯ ಸಿಕ್ಕಿರಲಾರದು.

ಆದರೆ ನನಗೊಂದು ಆಸೆ ಇತ್ತು. ಕಾಗದದ ಮೇಲೆ ಎಷ್ಟು ಬಿಡಿಸಿದರೂ ಅದು ಮಂಚದ ಕೆಳಗಿನ ವಿಷಯ. ಬಸ್ಸಿನಲ್ಲಿ ಹೋಗುವವರು ಕತ್ತು ತಿರುಗಿಸಿ ನೋಡುವಂಥ ಒಂದೇ ಒಂದು ಡ್ರ್ಯಾಗನ್ ಬಿಡಿಸಬೇಕು ಎಂದು ಮನಸ್ಸು ತುಡಿಯುತ್ತಿತ್ತು. ಅದನ್ನು ಈಡೇರಿಸಿದವರು ನನ್ನ ಅಂಗಡಿಯ ಎದುರು ಅಡಿಕೆ ವ್ಯಾಪಾರ ಮಾಡುವ ಅಬ್ದುಲ್ಲ ಬ್ಯಾರಿಯವರು, ಪೇಟೆಗೆಲ್ಲ ಅದ್ದುಚ್ಚ. ಅವರ ಕಷ್ಟ ವಿಚಿತ್ರವಾದದ್ದು. ಅಡಿಕೆ ತಂದವರಿಗೆ ಅವರ ಅಂಗಡಿಯಲ್ಲಿ ಹರಿವಾಣ ತುಂಬ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಇಟ್ಟು ಉಪಚಾರ ಮಾಡುವುದು ಅವರ ತಂದೆಯ ಕಾಲದಿಂದ ಬಂದ ಪದ್ಧತಿ. ಬಂದವರು ಮರ್ಯಾದೆಯಿಂದ ಎಲೆ ಹಾಕಿಕೊಂಡು, ಮರ್ಯಾದೆಯಿಂದ ಹೊರಗೆ ಹೋಗಿ, ಪಕ್ಕದ ಗೋಡೆಗೆ ಉಗುಳುತ್ತಿದ್ದರು. ಎಷ್ಟು ಸಲ ಸುಣ್ಣ ಬಳಿಸಿದರೂ ವಾರದಲ್ಲಿ ಗೋಡೆ ಕೆಂಪು. ಅಡಿಕೆ ಬೆಳೆದು ತರುವವರಿಗೇ ಅಡಿಕೆ ಉಗುಳಬೇಡಿ ಎಂದು ಹೇಳುವುದು ಹೇಗೆ ಎಂದು ಅವರು ನನ್ನ ಬಳಿ ಕೊರಗುತ್ತಿದ್ದರು. ದೇವರ ಚಿತ್ರ ಹಾಕಿಸಿದರೆ ಯಾರೂ ಉಗುಳುವುದಿಲ್ಲ ಎಂದು ಯಾರೋ ಹೇಳಿಕೊಟ್ಟಿದ್ದರಂತೆ. ಆದರೆ ಯಾರ ದೇವರನ್ನು ಹಾಕಿದರೂ ಒಂದಲ್ಲ ಒಂದು ಕಡೆಯವರಿಗೆ ಬೇಸರ ಆಗಬಹುದೆಂದು ಅವರು ಸುಮ್ಮನಿದ್ದರು. ಒಂದು ದಿನ ನನ್ನ ಕಟಿಂಗ್ ಮೇಜಿನ ಮೇಲಿದ್ದ ಕಾಗದವನ್ನು ತುಂಬ ಹೊತ್ತು ನೋಡಿದರು.

"ಸುಜಾತಕ್ಕ, ಈ ಪ್ರಾಣಿ ಯಾರದ್ದು? ನಿಮ್ಮವರದ್ದಾ, ನಮ್ಮವರದ್ದಾ?"

"ಯಾರದ್ದೂ ಅಲ್ಲ ಅದ್ದುಚ್ಚ. ನನ್ನದು ಮಾತ್ರ."

"ಹಾಗಾದ್ರೆ ಅದನ್ನೇ ಗೋಡೆಯಲ್ಲಿ ಮಾಡಿ. ಒಂದು ತಿಂಗಳು ನೋಡುವ. ಉಗುಳುದು ನಿಲ್ಲದಿದ್ರೆ ನಾನು ಪುನಃ ಸುಣ್ಣ ಬಳಿಸುದು. ಬೇಜಾರು ಮಾಡ್ಬಾರ್ದು."

ಎರಡು ಭಾನುವಾರ ಏಣಿ ಹತ್ತಿ ಇಳಿದು ಬಿಡಿಸಿದೆ. ಪುತ್ತೂರಿನಿಂದ ಬಣ್ಣ ತರಿಸಿದ್ದೆ. ಹಸಿರು ಮೈ, ಕೆನೆಬಣ್ಣದ ಹೊಟ್ಟೆ, ಒಂದೊಂದು ಹುರುಪೆಗೂ ಬೇರೆ ಅಂಚು. ರೆಕ್ಕೆಯನ್ನಂತೂ ಕೇಳಲೇಬೇಡಿ, ಯಾವ ಕಡೆ ಎಳೆದರೂ ಕಂಕುಳಲ್ಲಿ ಬಿಗಿಯಾಗದಂಥ ರೆಕ್ಕೆ. ಒಂದು ಬೆಂಕಿ ಮಾತ್ರ ನನಗೆ ಕೈಕೊಟ್ಟಿತು. ಎಷ್ಟು ಕಿತ್ತಳೆ, ಎಷ್ಟು ಹಳದಿ ಸೇರಿಸಿದರೂ ಅದು ಬಾಯಿಂದ ಟೊಮೆಟೊ ಸಾಸ್ ಸುರಿದ ಹಾಗೆಯೇ ಕಾಣುತ್ತಿತ್ತು. ದೂರದಿಂದ ನೋಡಿದರೆ ಗೊತ್ತಾಗುವುದಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ದೂರ ಹೋಗಿ ನೋಡಿದೆ. ಗೊತ್ತಾಗುತ್ತಿತ್ತು.

ಸೋಮವಾರ ಇಚಿಲಂಪಾಡಿಯ ಕುಶಾಲಪ್ಪಣ್ಣ ಅಡಿಕೆ ತಂದರು. ಎಪ್ಪತ್ತರ ಹತ್ತಿರದ, ಹಲ್ಲೆಲ್ಲ ಗಟ್ಟಿ ಇರುವ, ದಿನವಿಡೀ ಎಲೆ ಜಗಿಯುವ ಮನುಷ್ಯ. ವ್ಯಾಪಾರ ಮುಗಿಸಿ, ಎಲೆ ಹಾಕಿಕೊಂಡು ಹೊರಗೆ ಬಂದವರು ಡ್ರ್ಯಾಗನ್ ಎದುರು ನಿಂತರು. ನಾನು ಮೆಷಿನ್ ನಿಲ್ಲಿಸಿ ನೋಡುತ್ತಿದ್ದೆ. ಅವರು ತಲೆ ಓರೆ ಮಾಡಿ ನೋಡಿದರು, ಎರಡು ಹೆಜ್ಜೆ ಹಿಂದೆ ಸರಿದರು, ಎರಡು ಬೆರಳು ತುಟಿಗಿಟ್ಟು, ಗುರಿ ಹಿಡಿದು, ನೇರ ಡ್ರ್ಯಾಗನ್‌ನ ಬಾಯಿಗೆ ಉಗುಳಿದರು. ನಾನು ಓಡಿ ಹೋದೆ. ಅವರಿಗೆ ಸ್ವಲ್ಪವೂ ಸಂಕೋಚವಿಲ್ಲ. "ಉಳಿದದ್ದೆಲ್ಲ ಲಾಯ್ಕ್ ಉಂಟು ಅಕ್ಕ, ಬೆಂಕಿ ಸಾಲದು. ಹಾಗೆ ಸ್ವಲ್ಪ ಸಹಾಯ ಮಾಡಿದ್ದು" ಎಂದು ಜೀಪು ಹತ್ತಿದರು.

ಆ ದಿನ ಅಂಗಡಿಯ ಪರದೆ ಎಳೆದುಕೊಂಡು ಅತ್ತುಬಿಟ್ಟೆ. ಅವರು ಉಗುಳಿದ್ದಕ್ಕಲ್ಲ, ಅವರು ಹೇಳಿದ್ದು ನಿಜವಾಗಿದ್ದಕ್ಕೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಮರುದಿನದಿಂದ ಬಂದವರೆಲ್ಲ ಬೆಂಕಿಗೆ ಸಹಾಯ ಮಾಡತೊಡಗಿದರು. ಎಲೆ ಹಾಕಿದವರು ಬಾಯಿ ಎದುರು ಸಾಲಾಗಿ ನಿಂತು, ಗುರಿ ಒಂದಂಗುಲ ತಪ್ಪಿದವನನ್ನೂ ನೋಡಿ ನಗುವಷ್ಟು ಶಿಸ್ತು ಬಂತು. ಒಣಗಿದ್ದು ಅಂಚಿನಲ್ಲಿ ಕಂದಾಗಿ, ಹೊಸತು ನಡುವೆ ಕೆಂಪಾಗಿ, ಎರಡು ವಾರದಲ್ಲಿ ಆ ಬೆಂಕಿ ಎಂಥ ಬೆಂಕಿಯಾಯಿತು ಎಂದರೆ, ನನಗೆ ಹೊಟ್ಟೆಕಿಚ್ಚಾಯಿತು. ಜನ ಮೊಬೈಲ್ ಹಿಡಿದು ಅದರ ಪಕ್ಕ ನಿಂತು ಫೋಟೊ ತೆಗೆಯುತ್ತಿದ್ದರು. ಎಲ್ಲರೂ ಹೊಗಳಿದ್ದು ಬೆಂಕಿಯನ್ನೇ. ನಾನು ವಿನಯದಿಂದ ಥ್ಯಾಂಕ್ಸ್ ಎನ್ನುತ್ತಿದ್ದೆ. ಅದು ಯಾರ ಬಾಯಿಂದ ಬಂದದ್ದು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ತಿಂಗಳು ತುಂಬಿದ ದಿನ ಅದ್ದುಚ್ಚ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ನಡೆದು ಪರೀಕ್ಷೆ ಮಾಡಿದರು. ಬಾಯಿಯ ಜಾಗ ಬಿಟ್ಟರೆ ಇಡೀ ಗೋಡೆ ಶುಭ್ರ. ಇಪ್ಪತ್ತು ಅಡಿ ಗಲೀಜಿಗಿಂತ ಎರಡು ಅಡಿ ಗಲೀಜು ಲಾಭವೇ ಎಂದು ತೀರ್ಮಾನಿಸಿ, ಬಾಯಿಯ ಕೆಳಗೆ ಮರಳು ತುಂಬಿದ ಬಕೆಟ್ ಇಟ್ಟರು. ಆದರೆ ಬಾಯಿಯ ಹೊರಗೆ ಒಂದು ತೊಟ್ಟು ಬಿದ್ದರೂ ಸುಣ್ಣ ಗ್ಯಾರಂಟಿ ಎಂದು ಎಲ್ಲರ ಎದುರು ಸಾರಿದರು. ಕೃಷಿಕರು ಒಪ್ಪಿದರು. ನನ್ನ ಡ್ರ್ಯಾಗನ್ ಉಳಿಯಿತು.

ಆಮೇಲೆ ಅಜ್ಜಾವರದ ಕಡೆಯ ಶಾಲೆಯೊಂದರ ಟೀಚರ್ ಫೋನ್ ಮಾಡಿದರು. ಫೋಟೊ ನೋಡಿದ್ದಾರಂತೆ, ಶಾಲೆಯ ಲೈಬ್ರರಿ ಗೋಡೆಗೆ ಅಂಥದ್ದೇ ಬೇಕಂತೆ, ಅದರಲ್ಲೂ ಆ ಬೆಂಕಿ. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದು ಕಣ್ಣಾರೆ ನೋಡಿ ನಿರ್ಧರಿಸುತ್ತೇನೆ ಎಂದರು. ನನ್ನ ಎರಡನೆಯ ಗೋಡೆ, ಅದೂ ಮಕ್ಕಳು ದಿನಾ ನೋಡುವ ಗೋಡೆ. ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಬುಧವಾರ ಸಂಜೆ ಗುಡುಗಿ, ಗಾಳಿ ಎದ್ದು, ವರ್ಷದ ಮೊದಲ ಮಳೆ ನೇರ ಆ ಗೋಡೆಗೇ ಹೊಡೆಯಿತು. ಎನಾಮೆಲ್ ಬಣ್ಣಕ್ಕೆ ಏನೂ ಆಗಲಿಲ್ಲ. ಬೆಂಕಿ ಮಾತ್ರ ತೊಳೆದುಹೋಗಿ ಪುನಃ ಟೊಮೆಟೊ ಸಾಸ್. ಮೋಡ ಮುಸುಕಿದ ದಿನ ಯಾರೂ ಅಡಿಕೆ ಹೊರಗೆ ತೆಗೆಯುವುದಿಲ್ಲ. ಗುರುವಾರ ಕುಶಾಲಪ್ಪಣ್ಣ ಬರುವ ಮಾತೇ ಇರಲಿಲ್ಲ.

ಗುರುವಾರ ಬೆಳಿಗ್ಗೆ, ದಿನಾ ಎಲೆ ಹಾಕುವ ಅತ್ತೆಯ ಮುಂದೆ ಕುಳಿತೆ. ಒಳ್ಳೆಯ ಕೆಂಪು ಬರಲು ಏನು ಮಾಡಬೇಕು ಎಂದು ಕೇಳಿದೆ. ಸುಣ್ಣ ಸ್ವಲ್ಪ ಜಾಸ್ತಿ ಇರಬೇಕು ಎಂದು ಹೇಳಿ, ಏಕೆ ಎಂದು ಕೇಳದೆ, ಎರಡು ಎಲೆ ಮಡಚಿ ಕೊಟ್ಟರು. ಜನ್ಮದಲ್ಲಿ ಎಲೆ ಜಗಿಯದವಳು ನಾನು. ನಾಲಗೆ ಸುಟ್ಟು, ಕಿವಿ ಬಿಸಿಯಾಗಿ, ಕಣ್ಣಲ್ಲಿ ನೀರು ಸುರಿಸುತ್ತ ಏಳೂವರೆಗೆ ಪೇಟೆಗೆ ಬಂದು ಗೋಡೆಯ ಎದುರು ನಿಂತೆ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಯಾರೂ ಇಲ್ಲ. ಗುರುವಿಲ್ಲದೆ ಡ್ರ್ಯಾಗನ್ ಕಲಿತವಳಿಗೆ ಇದೇನು ದೊಡ್ಡ ವಿದ್ಯೆ ಎಂಬ ಧೈರ್ಯದಿಂದ ಎರಡು ಹೆಜ್ಜೆ ಹಿಂದೆ ಸರಿದು, ಎರಡು ಬೆರಳು ತುಟಿಗಿಟ್ಟು, ಉಗುಳಿದೆ. ಅದು ಬಾಯಿಯನ್ನು ದಾಟಿ, ಕುತ್ತಿಗೆಯನ್ನು ದಾಟಿ, ಕೆನೆಬಣ್ಣದ ಹೊಟ್ಟೆಯ ನಟ್ಟನಡುವೆ ಬಿತ್ತು.

ಪಕ್ಕದಲ್ಲಿ ಶಟರ್ ಎತ್ತಿದ ಸದ್ದು ಕೇಳಿಸಿತು. ತಿರುಗಿದರೆ ಅದ್ದುಚ್ಚ. ಅವರು ಗೋಡೆಯನ್ನು ನೋಡಿದರು, ನನ್ನನ್ನು ನೋಡಿದರು.

"ಎಂತ ಸುಜಾತಕ್ಕ ಇದು? ಇಷ್ಟು ದಿನದಲ್ಲಿ ಬಾಯಿ ಬಿಟ್ಟು ಹೊಟ್ಟೆಗೆ ಉಗುಳಿದ್ದು ನೀವೊಬ್ಬರೇ. ಇನ್ನು ಸುಣ್ಣ ಬಳಿಸುದಾ, ಬೇಡ್ವಾ? ನೀವೇ ಹೇಳಿ."

ನಾನು ತುಟಿ ಬಿಗಿಹಿಡಿದು ಡ್ರ್ಯಾಗನ್‌ನ ಬಾಯಿಯತ್ತ ಬೆರಳು ತೋರಿಸಿದೆ. ನನ್ನ ಬಾಯಲ್ಲಿ ಇನ್ನೂ ಅರ್ಧ ಉಳಿದಿತ್ತು.