ಹತ್ತಕ್ಕೆ ಹತ್ತೂ ಪಾಸಾದ ಫ್ಯೂಸುಗಳು

ಯಾವುದನ್ನೇ ಆಗಲಿ ಪರೀಕ್ಷಿಸದೆ ನಂಬುವುದು ನನ್ನಿಂದಾಗದ ಕೆಲಸ. ಇದನ್ನು ಗುಣ ಎನ್ನುವವರು ನನ್ನ ಆಫೀಸಿನಲ್ಲಿದ್ದಾರೆ, ರೋಗ ಎನ್ನುವವರು ಮನೆಯಲ್ಲಿದ್ದಾರೆ. ಮನೆಯಲ್ಲಿ ನನ್ನ ಹೊರತು ಇರುವುದು ಹೆಂಡತಿ ಸುಮಿತ್ರಾ ಒಬ್ಬಳೇ. ಆದರೂ ಬಹುಮತ ಯಾವಾಗಲೂ ಅವಳದೇ. ಹೈದರಾಬಾದಿನ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯಲ್ಲಿ ನಾನು ಗುಣಮಟ್ಟ ಪರೀಕ್ಷಕ. ಮೊಳೆಯಿಂದ ಹಿಡಿದು ಮೋಟರಿನವರೆಗೆ ಒಳಗೆ ಬಂದ ಸಾಮಾನೆಲ್ಲ ನನ್ನ ಮೇಜು ದಾಟಿಯೇ ಮುಂದೆ ಹೋಗಬೇಕು. ಬೆಂಡೆಕಾಯಿಯ ತುದಿಯನ್ನು ಎಲ್ಲರೂ ಒಂದೆರಡು ಮುರಿದು ನೋಡುತ್ತಾರೆ, ನಾನು ಒಂದೊಂದನ್ನೂ ಮುರಿದು ನೋಡುತ್ತೇನೆ. ಹಿಮಾಯತ್‌ನಗರದ ನಮ್ಮ ಗಲ್ಲಿಗೆ ಬರುವ ತರಕಾರಿಯಾತ ನನ್ನನ್ನು ದೂರದಿಂದ ಕಂಡರೂ ಸಾಕು, ಬೆಂಡೆಕಾಯಿಯ ಮೇಲೆ ಗೋಣಿತಾಟು ಎಳೆದುಬಿಡುತ್ತಾನೆ.

ಇಂಥ ನನ್ನ ಕೈಯಿಂದಲೇ ಆಂಡಾಳಮ್ಮನ ಕುಕ್ಕರ್ ಸತ್ತುಹೋಯಿತು. ಆಂಡಾಳಮ್ಮ ನಮ್ಮ ಕೆಳಮನೆಯಾಕೆ, ನಮ್ಮ ಮನೆಯ ಒಡತಿಯೂ ಹೌದು. ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿರುವ ಮಗಳು ಮೊದಲ ಸಂಬಳದಲ್ಲಿ ತಂದುಕೊಟ್ಟ ಕರೆಂಟಿನ ದೊಡ್ಡ ಕುಕ್ಕರ್ ಅದು. ಅದನ್ನು ಒರೆಸಿ, ಬಟ್ಟೆ ಹೊದಿಸಿ, ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿ ಇಟ್ಟಿರುತ್ತಾಳೆ. ಒಂದು ಭಾನುವಾರ ನಮ್ಮ ಕಡೆಯ ನಾಲ್ಕು ಮನೆಯವರು ಊಟಕ್ಕೆ ಬರುವವರಿದ್ದರು. ಸುಮಿತ್ರಾ ಕೇಳಿದ್ದಕ್ಕೆ ಆಕೆ ಬಟ್ಟೆಸಮೇತ ಎತ್ತಿಕೊಟ್ಟಳು.

ವಾಂಗಿಭಾತಿನ ಒಗ್ಗರಣೆಯನ್ನು ಅದರಲ್ಲೇ ಹಾಕಿದ ಸುಮಿತ್ರಾ, “ಉಳ್ಳಾಗಡ್ಡಿ ಕೆಂಪಗಾಗೂತನಕ ಕೈಯಾಡಸ್ರಿ, ನಾ ಬಂದವರನ್ನ ನೋಡ್ತೀನಿ” ಎಂದು ಹೊರಗೆ ಹೋದಳು. ನೀರಿಲ್ಲದ ಕುಕ್ಕರ್ ಬೇಗ ಕಾಯುತ್ತದೆ. ಕಾದೊಡನೆ ಅದರ ಗುಂಡಿ ಟಕ್ ಎಂದು ಮೇಲೆ ಬಂತು. ಒತ್ತಿದೆ. ಮತ್ತೆ ಟಕ್. ಈರುಳ್ಳಿ ಇನ್ನೂ ಬೆಳ್ಳಗೇ ಇತ್ತು. ನಾನು ಒಂದು ಚಮಚವನ್ನು ಸಿಕ್ಕಿಸಿ ಗುಂಡಿ ಮೇಲೇಳದಂತೆ ಮಾಡಿದೆ. ಅಷ್ಟರಲ್ಲಿ ನಮ್ಮ ಆಫೀಸಿನ ಲೆಕ್ಕಪತ್ರ ವಿಭಾಗದ ಬಸವರಾಜ, ಸೇಡಂ ಕಡೆಯವನು, ಪಡಸಾಲೆಯಿಂದ ಏನೋ ಕೇಳಿದ. ನಾನು ಹೋಗಿ, ಸುರಕ್ಷತೆಗೆಂದು ಇಟ್ಟ ಸಾಧನಗಳನ್ನು ತಿಳಿಗೇಡಿ ಜನ ಹೇಗೆ ಹಾಳುಮಾಡುತ್ತಾರೆ ಎಂಬ ಬಗ್ಗೆ ಅವನಿಗೆ ಸವಿಸ್ತಾರವಾಗಿ ಹೇಳತೊಡಗಿದೆ. ಒಳಗಿನಿಂದ ಕಮಟು ವಾಸನೆ ಬಂದಾಗ ನಾನು ಇನ್ನೂ ಎರಡನೆಯ ಉದಾಹರಣೆಯಲ್ಲಿದ್ದೆ.

ಅಂದು ವಾಂಗಿಭಾತು ಗ್ಯಾಸಿನ ಮೇಲೆ ಆಯಿತು. ಎಲ್ಲರೂ ಹೋದಮೇಲೆ ಸುಮಿತ್ರಾ ಆ ಚಮಚವನ್ನು ನನ್ನ ಮುಂದೆ ಇಟ್ಟು ಹೇಳಿದಳು: “ಬರೂ ಐತವಾರ ಆಕಿ ಮಗಳ ಸೀಮಂತ ಐತಿ. ಪುಳಿಹೋರಕ್ಕ ಇದ ಕುಕ್ಕರ್ ಬೇಕಂತ ಆಗಲೇ ಹೇಳ್ಯಾಳ. ಈಗ ಮಗಳ ಮನಿಗಿ ಹೋಗ್ಯಾಳ, ಶನಿವಾರ ಸಂಜಿಗಿ ಬರ್ತಾಳ. ಅಷ್ಟರಾಗ ಇದು ಮೊದಲಿನಂಗ ಆಗಬೇಕ್ರಿ. ಇಲ್ಲಂದ್ರ ನಾ ಆಕಿಗಿ ಹೆಂಗ ಮುಖ ತೋರಸ್ಲಿ?” ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಕುಕ್ಕರಿನ ತಳ ಬಿಚ್ಚಿದೆ. ರಬ್ಬರಿನಂಥ ಕೊಳವೆಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡ ಲೋಹದ ಗುಂಡು, ಎರಡು ಕಡೆ ತಂತಿಯ ಕಾಲು. ಇದಕ್ಕೆ ಥರ್ಮಲ್ ಫ್ಯೂಸ್ ಎನ್ನುತ್ತಾರೆ. ಶಾಖ ಮಿತಿ ಮೀರಿದರೆ ಇದು ಒಳಗೊಳಗೇ ಕಡಿದುಕೊಂಡು ಕರೆಂಟು ನಿಲ್ಲಿಸುತ್ತದೆ. ಒಮ್ಮೆ ಕಡಿದುಕೊಂಡರೆ ಮುಗಿಯಿತು, ಮತ್ತೆ ಕೂಡುವುದಿಲ್ಲ. ಮನೆ ಉಳಿಸಿ ತಾನು ಸಾಯುವ ಜಾತಿ. ನನ್ನ ಚಮಚದಿಂದ ಮನೆ ಕಾಪಾಡಿದ್ದು ಇದೇ. ಎಷ್ಟು ಡಿಗ್ರಿಗೆ ಸಾಯಬೇಕು ಎಂಬ ಸಂಖ್ಯೆ ಅದರ ಮೈಮೇಲೆ ಬರೆದಿರುತ್ತದೆ. ಈ ಪುಣ್ಯಾತ್ಮನ ಮೈಮೇಲಿನ ಸಂಖ್ಯೆ ಮಾತ್ರ ಸುಟ್ಟು ಕರ್ರಗಾಗಿತ್ತು.

ಶುಕ್ರವಾರ ಸಂಜೆ ಅಬಿಡ್ಸ್ ಪೇಟೆಯ ಹಿಂದಿನ ಗಲ್ಲಿಯಲ್ಲಿ ಬಿಡಿಭಾಗ ಮಾರುವ ಖಾದರ್‌ಭಾಯಿಯ ಅಂಗಡಿಗೆ ಹೋದೆ. ಅಂಗಡಿಯ ತುಂಬ ಸಣ್ಣ ಸಣ್ಣ ಡಬ್ಬಿ, ಡಿಗ್ರಿಯ ಪ್ರಕಾರ ಸಾಲಾಗಿ ಜೋಡಿಸಿದ್ದವು. ಕಡಿಮೆ ಡಿಗ್ರಿಯದು ತಂದರೆ ಅನ್ನ ಅರೆಬೆಂದಿರುವಾಗಲೇ ಅದು ಪ್ರಾಣ ಬಿಡುತ್ತದೆ. ಹೆಚ್ಚಿನದು ತಂದರೆ ಕುಕ್ಕರಿನ ಪ್ಲಾಸ್ಟಿಕ್ ಪಾದಗಳು ಕರಗಿ ನೆಲಕ್ಕಂಟಿದರೂ ಇದು ಆರಾಮಾಗಿ ಕೂತಿರುತ್ತದೆ. ಮಾಮೂಲಿ ಅಡಿಗೆಯ ಬಿಸಿಗಿಂತ ಮೇಲೆ, ಅಪಾಯದ ಬಿಸಿಗಿಂತ ಕೆಳಗೆ ಇರುವುದೇ ಬೇಕು. ನಾನು ಅದನ್ನೂ ಇದನ್ನೂ ಎತ್ತಿ, ಕನ್ನಡಕ ಏರಿಸಿ ಇಳಿಸಿ, ಇನ್ನೂರ ನಲವತ್ತರ ಡಬ್ಬಿಯವರೆಗೂ ಹೋದೆ. ಖಾದರ್‌ಭಾಯಿ ತಾಳ್ಮೆಯಿಂದ ಕೇಳಿದ: “ಸಾಬ್, ಚಾವಲ್ ಪಕಾನಾ ಹೈ ಯಾ ಲೋಹಾ ಪಿಘಲಾನಾ ಹೈ?” ಅನ್ನ ಬೇಯಿಸಬೇಕಿತ್ತು, ಕಬ್ಬಿಣ ಕರಗಿಸಬೇಕಿರಲಿಲ್ಲ ಎಂದು ಒಪ್ಪಿಕೊಂಡೆ. ಅವನೇ ನೂರ ಎಪ್ಪತ್ತೆರಡರ ಡಬ್ಬಿ ತೆಗೆದ. ಎಷ್ಟು ಬೇಕೆಂದ. ಹತ್ತು ಎಂದೆ. ನಮ್ಮ ಆಫೀಸಿನ ನಿಯಮದಂತೆ ಪರೀಕ್ಷೆಗೆ ಹತ್ತು ಬೇಕು.

ಶನಿವಾರ ಬೆಳಿಗ್ಗೆ ನಮ್ಮ ಅಡಿಗೆಮನೆ ಪ್ರಯೋಗಶಾಲೆಯಾಯಿತು. ಸುಮಿತ್ರಾ ಚೆಲ್ಲಬೇಕೆಂದು ತೆಗೆದಿಟ್ಟ ಹಳೆಯ ಕರಿದೆಣ್ಣೆಯನ್ನು ಬಾಣಲೆಗೆ ಸುರಿದೆ. ಆಫೀಸಿನ ಗೆಳೆಯನಿಂದ ಉದ್ದನೆಯ ಉಷ್ಣಮಾಪಕ ತಂದಿದ್ದೆ. ಫ್ಯೂಸಿಗೆ ಉದ್ದ ತಂತಿ ಸುತ್ತಿ, ಬ್ಯಾಟರಿ ಸೆಲ್ಲು ಮತ್ತು ಪುಟ್ಟ ಬಲ್ಬು ಜೋಡಿಸಿ, ಎಣ್ಣೆಯಲ್ಲಿ ಇಳಿಬಿಟ್ಟೆ. ಫ್ಯೂಸು ಬದುಕಿರುವವರೆಗೆ ಬಲ್ಬು ಉರಿಯಬೇಕು, ಸತ್ತಾಗ ಆರಬೇಕು. ನೋಡಲು ಬಂದ ಬಸವರಾಜ ಎಣ್ಣೆ ಕಾಯುವುದನ್ನು ಕಂಡು, “ಸಾಹೇಬ್ರ, ಎಣ್ಣಿ ಭಾಳ ಛಲೋ ಕಾದೈತ್ರಿ. ನಾಕು ಮೆಣಸಿನಕಾಯಿ ಬಿಟ್ರ ಬಜಿ ಆಗ್ತಿದ್ವು” ಎಂದ. ಸುಮಿತ್ರಾ ಅವನನ್ನು ನೋಡಿದ ನೋಟಕ್ಕೆ ಕಾಗದ ಪೆನ್ನು ಹಿಡಿದು ಬರೆದುಕೊಳ್ಳಲು ಕೂತ.

ನೂರ ಅರವತ್ತು. ನೂರ ಅರವತ್ತೈದು. ಬಲ್ಬು ಉರಿಯುತ್ತಿತ್ತು. ನೂರ ಎಪ್ಪತ್ತೊಂದಕ್ಕೆ ಫಕ್ಕನೆ ಆರಿತು. ನನಗಾದ ಸಂತೋಷವನ್ನು ಏನೆಂದು ಹೇಳಲಿ. ಎಣ್ಣೆ ಇಳಿಸಿ, ಆರಿಸಿ, ಎರಡನೆಯದನ್ನು ಬಿಟ್ಟೆ. ನೂರ ಎಪ್ಪತ್ತು. ಮೂರನೆಯದೂ ನೂರ ಎಪ್ಪತ್ತೊಂದು. ಬಸವರಾಜನಿಗೂ ಅಮಲೇರಿತು, ಪ್ರತಿ ಸಲ ಬಲ್ಬು ಆರಿದಾಗಲೂ ತೊಡೆ ತಟ್ಟಿ “ಹೋತು, ಹೋತು” ಎನ್ನುತ್ತಿದ್ದ. ನಾಲ್ಕು, ಐದು, ಆರು. ಕಾರ್ಖಾನೆಗೆ ಬರುವ ಸಾಮಾನಿನಲ್ಲೂ ಇಂಥ ಶಿಸ್ತು ನಾನು ಕಂಡಿರಲಿಲ್ಲ. ಏಳನೆಯದಕ್ಕೆ ನಾನೂ ತೊಡೆ ತಟ್ಟಿದೆ. ಹತ್ತನೆಯದು ಆರಿದಾಗ ಇಬ್ಬರೂ ಕೈ ಕುಲುಕಿದೆವು. ಬಸವರಾಜ ಕಾಗದದ ಕೆಳಗೆ ಗೆರೆ ಎಳೆದು ಬರೆದ: ಹತ್ತಕ್ಕೆ ಹತ್ತೂ ಪಾಸು. ನಾನು ಸಹಿ ಹಾಕಿ ಕಾಗದವನ್ನು ಸುಮಿತ್ರಾಳ ಕೈಗೆ ಕೊಟ್ಟೆ.

ಅವಳು ಕಾಗದ ನೋಡಿದಳು, ತಟ್ಟೆಯಲ್ಲಿ ಎಣ್ಣೆ ಸುರಿಸುತ್ತ ಮಲಗಿದ್ದ ಹತ್ತು ಹೆಣಗಳನ್ನೂ ನೋಡಿದಳು. “ಛಲೋ ಆತು. ಈಗ ಇದರಾಗ ಯಾವುದು ಹಾಕ್ತೀರಿ?”

ಆಫೀಸಿನಲ್ಲಿ ಸಾವಿರ ಬಂದಾಗ ಹತ್ತನ್ನು ಕೊಂದು ನೋಡುತ್ತೇವೆ, ಉಳಿದ ಒಂಬೈನೂರ ತೊಂಬತ್ತು ಉಗ್ರಾಣಕ್ಕೆ ಹೋಗುತ್ತವೆ. ಹತ್ತೇ ತಂದು ಹತ್ತನ್ನೂ ಕೊಂದರೆ ಏನು ಮಾಡಬೇಕೆಂದು ನಿಯಮದಲ್ಲಿ ಬರೆದಿಲ್ಲ. ಬಸವರಾಜ, “ಮನ್ಯಾಗ ಸ್ವಲ್ಪ ಕೆಲಸ ಐತ್ರಿ” ಎಂದು ಚಪ್ಪಲಿ ಮೆಟ್ಟಿದ.

ಮಧ್ಯಾಹ್ನದ ಬಿಸಿಲಲ್ಲಿ ಆಟೋ ಹಿಡಿದು ಮತ್ತೆ ಅಬಿಡ್ಸ್‌ಗೆ ಓಡಿದೆ. ನಿನ್ನೆಯ ಹತ್ತು ಏನಾದವು ಎಂದು ಖಾದರ್‌ಭಾಯಿ ಕೇಳಿದ. ಎಲ್ಲವೂ ಚೆನ್ನಾಗಿದ್ದವು ಎಂದೆ. ಚೆನ್ನಾಗಿದ್ದರೆ ಮತ್ತೇಕೆ ಬಂದಿರಿ ಎಂದ. ನಡೆದದ್ದನ್ನು ಹೇಳಿದೆ. ಅವನು ನಗಲಿಲ್ಲ. ಡಬ್ಬಿಯಲ್ಲಿ ಎರಡೇ ಉಳಿದಿದ್ದವು. ಪೊಟ್ಟಣ ಕಟ್ಟಿಕೊಟ್ಟು, “ತೇಲ್ ಮೇ ನಕ್ಕೋ ಡಾಲೋ ಸಾಬ್” ಎಂದಷ್ಟೇ ಬೇಡಿಕೊಂಡ. ಎಣ್ಣೆಗೆ ಹಾಕಲಿಲ್ಲ. ಬೆಸುಗೆ ಹಾಕಲು ಹೋದೆ. ಬೆಸುಗೆಯ ಕಡ್ಡಿಯ ಬಿಸಿ ತಂತಿಯ ಕಾಲಿನಲ್ಲಿ ಹರಿದು ಹನ್ನೊಂದನೆಯದೂ ಕುಕ್ಕರ್ ಸೇರುವ ಮೊದಲೇ ತೀರಿಕೊಂಡಿತು. ಉಳಿದದ್ದು ಒಂದು. ಅದನ್ನು ಸುಮಿತ್ರಾ ನನ್ನ ಕೈಯಿಂದ ಕಸಿದುಕೊಂಡಳು. ಅವಳು ಇಕ್ಕಳ ಹಿಡಿದಳು, ನಾನು ಪಕ್ಕದಲ್ಲಿ ನಿಂತು ಹೇಳಿದೆ. ಬೆಸುಗೆಯಿಲ್ಲದೆ ತಾಮ್ರದ ಕೊಳವೆಯಲ್ಲಿ ತಂತಿ ತೂರಿಸಿ ಒತ್ತಿ ಬಿಗಿದಳು. ಬಲ್ಬು ಹಚ್ಚಿ ನೋಡಿದೆವು, ಉರಿಯಿತು. ಬದುಕಿದೆ, ಸರಿ. ಆದರೆ ಸಾಯಬೇಕಾದಾಗ ಸಾಯುತ್ತದೆಯೇ?

“ಇದೊಂದನ್ನ ಪರೀಕ್ಷಾ ಮಾಡಿಲ್ಲಲ್ಲ” ಎಂದು ಗೊಣಗಿದೆ.

“ನಮ್ಮಪ್ಪ ನಿಮ್ಮನ್ನೂ ಹಿಂಗ ಎಣ್ಣ್ಯಾಗ ಬಿಟ್ಟು ನೋಡಿದ್ರ ನಮ್ಮ ಮದುವಿ ಆಗ್ತಿತ್ತೇನು? ಸುಮ್ಮ ಮುಚ್ಚಳ ಹಾಕ್ರಿ.”

ಭಾನುವಾರ ಕೆಳಗೆ ಸೀಮಂತ. ಕುಕ್ಕರಿನಲ್ಲಿ ಅನ್ನ ಉದುರುದುರಾಗಿ ಆಯಿತು, ಪುಳಿಹೋರವನ್ನು ಎಲ್ಲರೂ ಹೊಗಳಿದರು, ಸುಮಿತ್ರಾಳ ಮುಖ ಅರಳಿತು. ನಾನೊಬ್ಬನೇ ಅಡಿಗೆಮನೆಯ ಬಾಗಿಲಲ್ಲಿ ಕುಕ್ಕರನ್ನೇ ನೋಡುತ್ತ ನಿಂತಿದ್ದೆ. ಹಸಿವೆಂದು ತಿಳಿದು ಆಂಡಾಳಮ್ಮ ಮೊದಲ ಎಲೆ ನನಗೇ ಹಾಕಿಸಿದಳು. ಆಮೇಲೂ ಕೆಳಗಿನಿಂದ ಅನ್ನದ ವಾಸನೆ ಬಂದರೆ ಸಾಕು, ಸಕ್ಕರೆ ಕೇಳುವ ನೆಪದಲ್ಲಿ ಇಳಿದು ಹೋಗುತ್ತಿದ್ದೆ. ನಾಲ್ಕನೆಯ ಬಟ್ಟಲು ಸಕ್ಕರೆ ಕೊಡುವಾಗ ಆಕೆ, “ಏಮಯಿಂದಿ ಸಾರು, ಷುಗರ್ ಉಂದಾ, ಲೇದಾ?” ಎಂದಳು. ಏನಾಯಿತು ಸಾಹೇಬರೇ, ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಎಂದು ಕೇಳಿದ್ದು. ಆಗ ಚಮಚದಿಂದ ಹಿಡಿದು ಹನ್ನೆರಡನೆಯ ಫ್ಯೂಸಿನವರೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅಂದಿನಿಂದ ಕುಕ್ಕರ್ ಹಚ್ಚುವ ಮುನ್ನ ಮೆಟ್ಟಿಲ ಕೆಳಗಿನಿಂದ ಆಕೆ ಸುಮಿತ್ರಾಳನ್ನು ಕೂಗುತ್ತಾಳೆ: “ಸಾರುನಿ ಪಂಪಿಂಚು.” ಸಾಹೇಬರನ್ನು ಕಳಿಸು ಎಂದರ್ಥ. ನಾನು ಹೋಗಿ ಕುಕ್ಕರಿನ ಎದುರು ಮಣೆಯ ಮೇಲೆ ಕೂರುತ್ತೇನೆ. ಶಾಖ ಮಿತಿ ಮೀರದಂತೆ ಕಾಯಲು ಆ ಮನೆಯಲ್ಲೀಗ ಎರಡು ಸಾಧನಗಳಿವೆ. ಕುಕ್ಕರಿನ ತಳದಲ್ಲಿರುವುದು ಪರೀಕ್ಷೆಯೇ ಆಗದ್ದು. ಮಣೆಯ ಮೇಲಿರುವುದು ಪರೀಕ್ಷೆಯಾಗಿ ಫೇಲಾದದ್ದು.