ಬೇಕರಿ ಬರ್ನಬೆ ಬೆಳಕು ನೋಡಲು ಹೋದದ್ದು

ಬರ್ನಬೆಯ ಒಲೆ ಕೆಟ್ಟಿತು. ನಸುಕಿನಲ್ಲಿ, ಮೊದಲ ಸುತ್ತಿನ ಬ್ರೆಡ್ಡು ಇನ್ನೂ ಒಳಗಿರುವಾಗಲೇ, ಮುದಿ ನಾಯಿಯ ಹಾಗೆ ಎರಡು ಸಲ ಕೆಮ್ಮಿ ತಣ್ಣಗಾಯಿತು. ರಿಪೇರಿಯವನಿಗೆ ಫೋನು ಮಾಡಿದರೆ, "ಹತ್ತು ಗಂಟೆಗೆ ಮುಂಚೆ ಬರೋಕಾಗಲ್ಲ" ಅಂದ.

ಬೇರೆಯವನಾಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದ. ಬರ್ನಬೆಯ ಎದೆ ಮಾತ್ರ ಖುಷಿಯಿಂದ ಡವಗುಟ್ಟಿತು.

ಅವನ ಹಳ್ಳಿಯಿಂದ ಎತ್ರೆತಾ ಕಡಲತೀರ ಬರೀ ಹದಿನೆಂಟು ಕಿಲೋಮೀಟರು. ಅಲ್ಲಿ ಬಿಳಿ ಬಂಡೆಯೊಂದು ಕಮಾನಿನ ಹಾಗೆ ಬಾಗಿ ಸಮುದ್ರಕ್ಕೆ ಕಾಲಿಟ್ಟಿದೆ. ಬೆಳಗಿನ ಬಿಸಿಲು ಅದಕ್ಕೆ ತಾಕುವ ಆ ಹತ್ತು ನಿಮಿಷಕ್ಕಾಗಿ ಹಿಂದೆ ದೊಡ್ಡ ದೊಡ್ಡ ಚಿತ್ರಕಾರರು ಕಡಲಗಾಳಿಯಲ್ಲಿ ನಡುಗುತ್ತ ತಿಂಗಳುಗಟ್ಟಲೆ ಕೂತಿದ್ದರಂತೆ. ಈಗ ಎಲ್ಲೆಲ್ಲಿಂದಲೋ ಜನ ಬಂದು ನೋಡಿ, ಹಿಂತಿರುಗುವಾಗ ಬರ್ನಬೆಯ ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳುತ್ತಾರೆ. ಅವರ ಕಣ್ಣುಗಳಲ್ಲಿ ಆಗಷ್ಟೇ ಪ್ರೀತಿಗೆ ಬಿದ್ದವರ ಮಂಪರು.

"ನೀವು ಇಲ್ಲೇ ಇರೋರು. ದಿನಾ ನೋಡ್ತೀರೇನೋ, ಪುಣ್ಯವಂತರು!" ಅನ್ನುತ್ತಾರೆ.

"ಹ್ಞೂಂ, ನೋಡ್ತಾನೇ ಇರ್ತೀವಿ" ಅನ್ನುತ್ತಾನೆ ಬರ್ನಬೆ, ಚಿಲ್ಲರೆ ಎಣಿಸುವ ನೆಪದಲ್ಲಿ ತಲೆ ತಗ್ಗಿಸಿ.

ನೋಡಿರಲಿಲ್ಲ. ಮೂವತ್ತೊಂದು ವರ್ಷದಿಂದ ಸೂರ್ಯ ಹುಟ್ಟುವ ಹೊತ್ತಿಗೆ ಅವನು ಕಿಟಕಿಯಿಲ್ಲದ ಕೋಣೆಯಲ್ಲಿ ಒಲೆಗೆ ಮುಖಮಾಡಿ ನಿಂತಿರುತ್ತಿದ್ದ. ಸೋಮವಾರ ರಜವೇನೋ ಹೌದು, ಆದರೆ ಆವತ್ತು ಅವನು ಏಳುವಾಗ ಹನ್ನೊಂದು ಗಂಟೆ. ಕೆಲವು ಸಲ ಹಿಟ್ಟು ನಾದುತ್ತ ಕಣ್ಣುಮುಚ್ಚಿ ಆ ಬಂಡೆಯನ್ನು ಊಹಿಸಿಕೊಳ್ಳುತ್ತಿದ್ದ. ಗುಲಾಬಿಯೋ, ಕಿತ್ತಳೆಯೋ? ಕೇಳೋಣವೆಂದರೆ, ದಿನಾ ನೋಡುವವನು ಕೇಳುವುದು ಹೇಗೆ?

"ಹೋಗ್ಬಾ" ಅಂದಳು ಹೆಂಡತಿ ಕ್ಲೊತಿಲ್ದ್, ಹಾಸಿಗೆಯಿಂದಲೇ. "ನಿದ್ದೇಲೂ ಬಂಡೆ ಬಂಡೆ ಅಂತೀಯ. ನೋಡ್ಕೊಂಡು ಬಂದು ನನ್ನನ್ನ ನೆಮ್ಮದಿಯಾಗಿ ಮಲಗೋಕೆ ಬಿಡು."

ಬರ್ನಬೆ ಮೈಮೇಲಿದ್ದ ಹಿಟ್ಟಿನ ಅಂಗಿಯಲ್ಲೇ ವ್ಯಾನಿನತ್ತ ಹೊರಟ. ಅಂಗಡಿಯ ಬಾಗಿಲು ತೆಗೆದರೆ, ಎದುರಿಗೆ ಸಿದೋನಿ ಟೀಚರು. ಎಂಬತ್ತೆರಡು ವರ್ಷದ ಆಕೆ ಬರ್ನಬೆಗೆ ಅಕ್ಷರ ಕಲಿಸಿದವರು. ದಿನದ ಮೊದಲ ಬ್ರೆಡ್ಡು ಆಕೆಗೇ ಹೋಗಬೇಕು ಎನ್ನುವುದು ಊರಿನ ಅಲಿಖಿತ ಕಾನೂನು.

"ಬ್ರೆಡ್ಡೆಲ್ಲೋ?"

"ಒಲೆ ಕೆಟ್ಟಿದೆ, ಟೀಚರ್. ನಾನು ಸ್ವಲ್ಪ ಎತ್ರೆತಾ ಕಡೆ…"

"ಸರಿ, ಅಲ್ಲೇ ಬೇಕರಿ ಇದೆಯಲ್ಲ. ಊರಿಗೆಲ್ಲ ಆಗೋವಷ್ಟು ತಂದುಬಿಡೋಣ" ಎಂದವರೇ ಟೀಚರು ಮುಂದಿನ ಸೀಟು ಹತ್ತಿ ಕೂತರು. "ನಡಿ, ಏನ್ ನೋಡ್ತೀಯ?"

"ಟೀಚರ್, ನಾನು ಹೋಗ್ತಿರೋದು ಬೆಳಕು ನೋಡೋಕೆ."

"ನೋಡೋವಂತೆ. ಬೆಳಕೇನು ಓಡಿಹೋಗುತ್ತಾ?"

ಓಡಿಹೋಗುತ್ತದೆ ಅನ್ನುವುದೇ ಅವನ ಭಯವಾಗಿತ್ತು. ಅದನ್ನು ಹೇಳುವ ಧೈರ್ಯ ಎರಡನೇ ಕ್ಲಾಸಿನಲ್ಲೂ ಇರಲಿಲ್ಲ, ಈಗಲೂ ಇಲ್ಲ.

ಅರ್ಧ ದಾರಿಯಲ್ಲಿ ಟೀಚರು, "ಎಡಕ್ಕೆ ತಿರುಗಿಸು, ಒಳದಾರಿ" ಅಂದರು. ಒಳದಾರಿಯೇನೋ ಇತ್ತು. ಅದರಲ್ಲಿ ನಲವತ್ತು ಹಸುಗಳೂ ಇದ್ದವು. ಹಾಲು ಕರೆಸಿಕೊಳ್ಳಲು ಹೊರಟಿದ್ದ ಅವು ಮದುವೆ ಮನೆಗೆ ಹೊರಟ ಹೆಂಗಸರ ಹಾಗೆ ನಿಂತು, ಮಾತಾಡಿಕೊಂಡು, ಮತ್ತೆ ನಡೆಯುತ್ತಿದ್ದವು. ಬರ್ನಬೆ ಹಾರನ್ ಒತ್ತಿದ. ಕೊನೆಯ ಹಸು ತಿರುಗಿ, ಗಾಜಿನಾಚೆಯಿಂದ ಅವನನ್ನು ನೋಡಿ, ಅಲ್ಲೇ ಸಗಣಿ ಹಾಕಿತು.

"ಅವಕ್ಕೆ ಅವಸರ ಮಾಡಬಾರದು ಕಣೋ, ಹಾಲು ಒಡೆಯುತ್ತೆ" ಅಂದರು ಟೀಚರು.

ಪೂರ್ವ ಕೆಂಪಾಗುತ್ತಿತ್ತು.

ಎತ್ರೆತಾ ತಲುಪಿದ ಮೇಲೆ ಮೊದಲು ಬೇಕರಿಗೇ ಹೋಗಬೇಕೆಂದು ಟೀಚರ ಅಪ್ಪಣೆ. "ಆಮೇಲೆ ಹೋದ್ರೆ ಖಾಲಿಯಾಗಿರುತ್ತೆ." ಬರ್ನಬೆ ಕಾಲರು ಮೇಲೆತ್ತಿ ಸಾಲಿನಲ್ಲಿ ನಿಂತ. ಎಷ್ಟು ಮೇಲೆತ್ತಿದರೇನು, ಅಡಿಯಿಂದ ಮುಡಿವರೆಗೆ ಹಿಟ್ಟು.

"ಯಾರು, ಬರ್ನಬೆಯಲ್ವಾ?" ಅಂಗಡಿಯ ಮಾಲೀಕ ಗಟ್ಟಿಯಾಗಿ ಕೂಗಿದ. "ಕೊನೆಗೂ ಒಳ್ಳೆ ಬ್ರೆಡ್ಡು ತಿನ್ನಬೇಕು ಅನ್ನಿಸ್ತಾ?"

ಸಾಲಿಗೆ ಸಾಲೇ ನಕ್ಕಿತು. ನಲವತ್ತು ಉದ್ದನೆಯ ಬ್ರೆಡ್ಡುಗಳನ್ನು ಸೌದೆ ಹೊತ್ತಂತೆ ಹೊತ್ತು ವ್ಯಾನಿಗೆ ತುಂಬಿ, ಬರ್ನಬೆ ಕಡಲಿನತ್ತ ಓಡಿದ. ಹಿಂದೆ ಟೀಚರ ಕೋಲು ಟಕಟಕ.

ತೀರದಲ್ಲಿ ಮಂಜು. ಬಂಡೆಯಿಲ್ಲ, ಕಮಾನಿಲ್ಲ, ಸಮುದ್ರವೂ ಇಲ್ಲ. ಬೂದು ಕಂಬಳಿಯ ಒಳಗೆಲ್ಲೋ ಅಲೆ ಗೊರಕೆ ಹೊಡೆಯುತ್ತಿತ್ತು. ಉರುಟುಗಲ್ಲಿನ ಮೇಲೆ ಆರು ಜನ ಬಣ್ಣದ ಪೆಟ್ಟಿಗೆ ಬಿಚ್ಚಿಕೊಂಡು, ನೆಂಟರ ದಾರಿ ಕಾಯುವವರ ಹಾಗೆ ಕೂತಿದ್ದರು. ಅವರಿಗೆ ಚಿತ್ರ ಕಲಿಸುವ ಮೇಷ್ಟರಮ್ಮ, ಗೂಬೆಕಣ್ಣಿನ ಕನ್ನಡಕದವರು, ಬರ್ನಬೆಯನ್ನು ನೋಡಿದ್ದೇ ಎದ್ದು ನಿಂತರು.

"ಆ ಬಿಳಿ! ಆ ಮುಖ! ಯಜಮಾನ್ರೇ, ನೀರಿಗೆ ಬೆನ್ನು ಹಾಕಿ ಇಲ್ಲಿ ನಿಲ್ತೀರಾ? ಮಂಜಲ್ಲಿ ಬಿಡಿಸೋಕೆ ಬೇರೇನೂ ಇಲ್ಲ."

"ನಾನು ಬೆಳಕು ನೋಡೋಕೆ…"

"ನಿಲ್ತಾನೆ, ನಿಲ್ತಾನೆ" ಅಂದರು ಸಿದೋನಿ ಟೀಚರು. "ನನ್ನ ಶಿಷ್ಯ. ಕ್ಲಾಸಲ್ಲೂ ಜಾಸ್ತಿ ನಿಂತೇ ಇರ್ತಿದ್ದ."

ಬರ್ನಬೆ ನಿಂತ. ಇಲ್ಲ ಅನ್ನುವ ಶಬ್ದ ಅವನ ನಾಲಿಗೆಗೆ ಯಾವತ್ತೂ ಒಗ್ಗಿರಲಿಲ್ಲ. ಹೇಗೂ ಮಂಜು, ಹೇಗೂ ಏನೂ ಕಾಣದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅವನ ಮುಂದೆ ಆರು ಚಿತ್ರಕಾರರು, ಅವರ ಹಿಂದೆ ಕಾರು ನಿಲ್ಲಿಸುವ ಜಾಗ. ಕುಂಚಗಳು ಸರಸರ ಓಡಾಡಿದವು.

ಸ್ವಲ್ಪ ಹೊತ್ತಿಗೆ ಊರಿನ ಸೂರುಗಳ ಮೇಲಿಂದ ಬಿಸಿಲು ಇಣುಕಿ ಅವನ ಕಣ್ಣಿಗೇ ಹೊಡೆಯಿತು. ಬೆನ್ನಿಗೆ ಗಾಳಿ ಬೀಸಿತು. ಬರ್ನಬೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಂತೆ ಎದುರಿನ ಮುಖಗಳು ಒಂದೊಂದಾಗಿ ಬದಲಾದವು. ಒಬ್ಬಳ ಬಾಯಿ ತಾನಾಗಿ ತೆರೆದುಕೊಂಡಿತು. ಒಬ್ಬ ಮುದುಕ ಟೋಪಿ ತೆಗೆದ. ಐವತ್ತು ವರ್ಷದಲ್ಲಿ ಯಾವ ಹುಡುಗನ ಉತ್ತರಕ್ಕೂ ಭೇಷ್ ಎನ್ನದ ಸಿದೋನಿ ಟೀಚರು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಆಕೆಯ ಸುಕ್ಕು ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

ಬೆಳಕು. ಅವನ ಬೆನ್ನ ಹಿಂದೆ. ಹತ್ತು ಮಾರು ದೂರದಲ್ಲಿ.

ಬರ್ನಬೆಯ ಕತ್ತು ತಾನಾಗಿಯೇ ತಿರುಗತೊಡಗಿತು.

"ಅಲ್ಲಾಡಬೇಡಿ!" ಮೇಷ್ಟರಮ್ಮ ಕಿರುಚಿದರು. "ದಮ್ಮಯ್ಯ ಅಂತೀನಿ, ಒಂದೇ ಒಂದು ಕೂದಲೂ ಅಲ್ಲಾಡಬಾರದು!"

ಕತ್ತು ವಾಪಸು ಬಂತು. ಬರ್ನಬೆ ಹಲ್ಲುಕಚ್ಚಿ ನಿಂತ. ಕಾರುಗಳನ್ನು ಎಣಿಸಿದ. ಹದಿನಾಲ್ಕು. ಒಂದೇ ಯೋಚನೆ ಅವನನ್ನು ಹಿಡಿದು ನಿಲ್ಲಿಸಿತ್ತು. ಆರು ಜನ ಬಿಡಿಸುತ್ತಿದ್ದಾರೆ. ನನ್ನ ಹಿಂದೆ ಏನಿದೆಯೋ ಅದೆಲ್ಲ ಆ ಆರು ಹಲಗೆಗಳ ಮೇಲೆ ಇರುತ್ತದೆ. ಇವರು ಎಂಥ ದೃಶ್ಯ ನೋಡಿದರೋ ಅದನ್ನೇ ನಾನೂ ನೋಡುತ್ತೇನೆ. ಸ್ವಲ್ಪ ತಡವಾಗಿ, ಅಷ್ಟೇ.

ಆಮೇಲೆ ಮುಖಗಳು ಒಂದೊಂದಾಗಿ ಆರಿದವು. "ಮುಗೀತು" ಎಂದು ಯಾರೋ ನಿಟ್ಟುಸಿರಿಟ್ಟರು. ಬರ್ನಬೆ ತಿರುಗಿದ. ಮಂಜು ಮತ್ತೆ ಬಾಗಿಲು ಹಾಕಿಕೊಂಡಿತ್ತು.

ಅವನು ಚಿತ್ರಗಳತ್ತ ಹೆಚ್ಚುಕಮ್ಮಿ ಓಡಿದ. ಮೊದಲನೆಯದರಲ್ಲಿ ಅವನ ಮೂಗು, ಅಂಗಿ, ಹಿಂದೆ ಬೂದು. ಎರಡನೆಯದರಲ್ಲಿ ಮೂಗು ಇನ್ನೂ ದೊಡ್ಡದು, ಹಿಂದೆ ಬೂದು. ಆರನೆಯದರವರೆಗೂ ಬೂದು, ಬೂದು, ಬೂದು.

"ಬೆಳಕೆಲ್ಲಿ?" ಅಂದ.

"ಅಯ್ಯೋ, ಅದನ್ನ ಬಿಡಿಸೋಕಾಗುತ್ತಾ?" ಮೇಷ್ಟರಮ್ಮ ಕನ್ನಡಕ ಒರೆಸಿಕೊಂಡರು. "ಅದು ಬಂದ ತಕ್ಷಣ ಎಲ್ಲರೂ ಕುಂಚ ಕೆಳಗಿಟ್ಟು ನೋಡ್ತಾ ನಿಂತ್ವಿ. ಇಪ್ಪತ್ತು ವರ್ಷದಿಂದ ಬರ್ತಿದ್ದೀನಿ, ಇಂಥದ್ದು ಕಂಡಿರಲಿಲ್ಲ."

"ಮತ್ತೆ ನನಗೆ ಅಲ್ಲಾಡಬೇಡಿ ಅಂದದ್ದು?"

"ನೀವು ಒಂದು ಹೆಜ್ಜೆ ಆ ಕಡೆ ಹೋಗಿದ್ರೂ ಕಮಾನು ಮರೆಯಾಗಿಬಿಡ್ತಿತ್ತು, ಯಜಮಾನ್ರೇ. ನಮಗೆ ಕಾಣಬೇಕಲ್ಲ!"

ಹಿಂತಿರುಗುವ ದಾರಿಯಲ್ಲಿ ವ್ಯಾನಿನ ತುಂಬ ಪರರ ಬ್ರೆಡ್ಡಿನ ಘಮ. ಐದಾರು ಕಿಲೋಮೀಟರು ಹೋದ ಮೇಲೆ ಬರ್ನಬೆಗೆ ತಡೆಯಲಾಗಲಿಲ್ಲ.

"ಟೀಚರ್, ಹೇಗಿತ್ತು? ಗುಲಾಬಿಯೋ, ಕಿತ್ತಳೆಯೋ?"

ಟೀಚರು ಬಾಯಿ ತೆರೆದರು. ಕೈಯೆತ್ತಿ ಗಾಳಿಯಲ್ಲಿ ಏನೋ ತೋರಿಸಹೋಗಿ ಕೆಳಗಿಳಿಸಿದರು. ಊರಿಗೆಲ್ಲ ಮಾತು ಕಲಿಸಿದ ಆ ಹೆಂಗಸು ಕಿಟಕಿಯಾಚೆ ನೋಡುತ್ತ ಕೊನೆಗೆ ಅಂದರು:

"ಹೇಳೋಕೆ ಬರಲ್ಲ ಕಣೋ. ನೀನೂ ಬಂದು ನೋಡಬೇಕಿತ್ತು."